ದ್ವೀಪದ ಗುಟ್ಟು, ವಾಹಿನಿಯ ಕ್ಯಾಲೆಂಡರು

2010ರ ಜನವರಿಯ ಆರಂಭದಲ್ಲಿ ಅಮೆರಿಕದ ಶ್ವೇತಭವನಕ್ಕೆ ಒಂದು ವಿಚಿತ್ರ ಇಕ್ಕಟ್ಟು ಎದುರಾಯಿತು. ಅಧ್ಯಕ್ಷ ಬರಾಕ್ ಒಬಾಮ ಕಾಂಗ್ರೆಸ್ಸಿನ ಮುಂದೆ ಮಾಡಬೇಕಿದ್ದ ವಾರ್ಷಿಕ ಭಾಷಣಕ್ಕೆ ಪರಿಶೀಲನೆಯಲ್ಲಿದ್ದ ದಿನಾಂಕಗಳಲ್ಲಿ ಫೆಬ್ರುವರಿ 2 ಕೂಡ ಒಂದಾಗಿತ್ತು. ಅದೇ ರಾತ್ರಿ ಎಬಿಸಿ ವಾಹಿನಿಯಲ್ಲಿ ‘ಲಾಸ್ಟ್’ ಧಾರಾವಾಹಿಯ ಕೊನೆಯ ಸೀಸನ್ ಶುರುವಾಗುವುದಿತ್ತು. ಅಭಿಮಾನಿಗಳು ಗದ್ದಲವೆಬ್ಬಿಸಿದರು. ಕೊನೆಗೆ ಪತ್ರಿಕಾ ಕಾರ್ಯದರ್ಶಿ ರಾಬರ್ಟ್ ಗಿಬ್ಸ್, ‘ಲಾಸ್ಟ್’ಗೆ ಒಂದು ಮುಕ್ತಾಯ ಸಿಗಲೆಂದು ಕಾದಿರುವ ಲಕ್ಷಾಂತರ ಜನರಿಗೆ ಅಧ್ಯಕ್ಷರು ಅಡ್ಡಬರುವ ಸಂದರ್ಭ ತಮಗೆ ಕಾಣುತ್ತಿಲ್ಲ ಎಂದು ತಮಾಷೆಯ ಧಾಟಿಯಲ್ಲಿ ಭರವಸೆ ಕೊಟ್ಟರು. ಭಾಷಣ ಜನವರಿ 27ರಂದೇ ಮುಗಿದುಹೋಯಿತು.

ಇದನ್ನು ಬರೀ ಹುಚ್ಚು ಎಂದು ತಳ್ಳಿಹಾಕುವವರಿದ್ದಾರೆ. ಕಥೆಯ ಬಗ್ಗೆ ತಲೆಕೆಡಿಸಿಕೊಳ್ಳಲಿ, ಯಾವ ವಾರ, ಎಷ್ಟು ಗಂಟೆಗೆ, ನಡುವೆ ಎಷ್ಟು ದಿನ ಬಿಡುವು ಎಂಬುದಕ್ಕೆಲ್ಲ ಜಗಳವೇಕೆ ಎಂದು ಅವರ ಪ್ರಶ್ನೆ. ‘ಲಾಸ್ಟ್’ನ ಮಟ್ಟಿಗೆ ಹೇಳುವುದಾದರೆ, ಕಥೆಯ ತಿರುವಿನ ಜಗಳ ಮತ್ತು ಪ್ರಸಾರದ ವೇಳೆಯ ಜಗಳ ಎರಡೂ ಒಂದೇ. ಆ ಧಾರಾವಾಹಿಯ ಅತಿ ಪ್ರಸಿದ್ಧ ತಿರುವು ಹುಟ್ಟಿದ್ದಕ್ಕೆ ವೇಳಾಪಟ್ಟಿಯೇ ಕಾರಣ. ಒಬ್ಬ ಹುಡುಗನ ಕಥೆ ಕೈತಪ್ಪಿದ್ದಕ್ಕೂ ಅದೇ ಕಾರಣ. ಕೊನೆಯ ರಾತ್ರಿಯಂತೂ, ಕಥೆಯಲ್ಲಿ ಇಲ್ಲದ ತಿರುವೊಂದನ್ನು ವೇಳಾಪಟ್ಟಿಯೇ ಹುಟ್ಟಿಸಿಬಿಟ್ಟಿತು. ಹೇಗೆಂದು ಹೇಳಬೇಕಾದರೆ ಗುಟ್ಟುಗಳನ್ನೆಲ್ಲ ಬಿಟ್ಟುಕೊಡಬೇಕಾಗುತ್ತದೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಬಹುದು.

ಕಥೆಯ ಎಳೆ ಇಷ್ಟು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಷ್ಯಾನಿಕ್ 815 ವಿಮಾನ ಪೆಸಿಫಿಕ್ ಸಾಗರದ ದ್ವೀಪವೊಂದರ ಮೇಲೆ ತುಂಡಾಗಿ ಬೀಳುತ್ತದೆ. ಬದುಕುಳಿದವರು ನೆರವಿಗೆ ಕಾಯುತ್ತಾರೆ, ಯಾರೂ ಬರುವುದಿಲ್ಲ. ದ್ವೀಪದಲ್ಲಿ ಹಿಮಕರಡಿ ಸಿಗುತ್ತದೆ, ಮನುಷ್ಯರನ್ನು ಕೊಲ್ಲುವ ಕಪ್ಪು ಹೊಗೆ ಸಿಗುತ್ತದೆ, ಕಾಡಿನ ನೆಲದಲ್ಲಿ ಹೂತ ಉಕ್ಕಿನ ಬಾಗಿಲೊಂದು ಸಿಗುತ್ತದೆ. ಮುಂದೆ ‘ಧರ್ಮಾ’ ಎಂಬ ಹೆಸರಿನ ಸಂಶೋಧನಾ ತಂಡದ ಹಳೆಯ ಚಿತ್ರಸುರುಳಿಗಳು ಸಿಗುತ್ತವೆ. ಅವುಗಳಲ್ಲಿ ಬರುವ ವಿಜ್ಞಾನಿ ‘ನಮಸ್ತೆ’ ಎನ್ನುತ್ತಾನೆ. ನಮ್ಮ ಪದಗಳಿಗೆ ಪರದೇಶದಲ್ಲಿ ಎಂಥೆಂಥ ಕೆಲಸ ಸಿಗುತ್ತದೆ ನೋಡಿ! 2004ರ ಸೆಪ್ಟೆಂಬರ್ 22ರಿಂದ 2010ರ ಮೇ 23ರವರೆಗೆ, ಆರು ಸೀಸನ್‌ಗಳಲ್ಲಿ 121 ಕಂತುಗಳು ಪ್ರಸಾರವಾದವು. ಚಿತ್ರೀಕರಣ ನಡೆದದ್ದು ಹವಾಯಿಯ ಒವಾಹು ದ್ವೀಪದಲ್ಲಿ. ಸೃಷ್ಟಿಕರ್ತರಲ್ಲೊಬ್ಬರಾದ ಜೆ. ಜೆ. ಏಬ್ರಮ್ಸ್ ಆರಂಭದಲ್ಲಿ ಜೊತೆಗಿದ್ದರು. ಆಮೇಲೆ ಬಂಡಿ ಎಳೆದವರು ಕಥೆಗಾರರಾದ ಡೇಮನ್ ಲಿಂಡೆಲಾಫ್ ಮತ್ತು ಕಾರ್ಲ್ಟನ್ ಕ್ಯೂಸ್.

ಅಮೆರಿಕದ ವಾಹಿನಿಗಳ ಲೆಕ್ಕ ನಮ್ಮದಕ್ಕಿಂತ ಬೇರೆ. ಕನ್ನಡದ ಧಾರಾವಾಹಿ ವಾರಕ್ಕೆ ಐದಾರು ದಿನ ಬರುತ್ತದೆ, ವರ್ಷವಿಡೀ ಬರುತ್ತದೆ, ಸೀಸನ್ ಎಂಬುದೇ ಇಲ್ಲ. ಶುಕ್ರವಾರ ರಾತ್ರಿ ತಾಳಿ ಕಟ್ಟುವ ಹೊತ್ತಿಗೆ ಯಾರೋ ‘ನಿಲ್ಲಿಸಿ’ ಎಂದು ಕೂಗಿದರೆ ಸೋಮವಾರದವರೆಗೆ ಕಾದರೆ ಸಾಕು. ಅಲ್ಲಿನ ದೊಡ್ಡ ವಾಹಿನಿಗಳಲ್ಲಿ ಕಥಾ ಧಾರಾವಾಹಿ ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ, ವಾರಕ್ಕೊಂದು ಕಂತಿನಂತೆ ಬರುತ್ತಿತ್ತು. ಆ ಅವಧಿಯಲ್ಲಿ ಸುಮಾರು 36 ವಾರಗಳಿವೆ. ಒಂದು ಸೀಸನ್ನಿಗೆ ತಯಾರಾಗುವುದು 22ರಿಂದ 24 ಕಂತು ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಇಲ್ಲಿ ಹಾಸಿಗೆಯೇ ಉದ್ದ, ಕಾಲು ಮೋಟು. ಉಳಿದ ಹನ್ನೆರಡು ವಾರಗಳನ್ನು ಹಳೆಯ ಕಂತುಗಳ ಮರುಪ್ರಸಾರದಿಂದ ತುಂಬುತ್ತಿದ್ದರು.

ಆ ತೇಪೆಗಳನ್ನು ಎಲ್ಲಿ ಹಾಕಬೇಕೆಂಬುದನ್ನು ಕಥೆಗಾರರು ನಿರ್ಧರಿಸುತ್ತಿರಲಿಲ್ಲ. ನವೆಂಬರ್, ಫೆಬ್ರುವರಿ, ಮೇ ಮತ್ತು ಜುಲೈ ತಿಂಗಳುಗಳಲ್ಲಿ ನೀಲ್ಸನ್ ಸಂಸ್ಥೆ ದೇಶದ ಊರೂರಿನ ವೀಕ್ಷಕರ ಲೆಕ್ಕವನ್ನು ವಿಶೇಷವಾಗಿ ತೆಗೆಯುತ್ತಿತ್ತು. ಸ್ಥಳೀಯ ಕೇಂದ್ರಗಳ ಜಾಹೀರಾತು ದರ ಅದರ ಮೇಲೆ ನಿಂತಿತ್ತು. ಹಾಗಾಗಿ ಆ ತಿಂಗಳುಗಳಿಗೆ ಹೊಸ ಕಂತು, ಅದರಲ್ಲೂ ರೋಚಕ ಕಂತು ಮೀಸಲು. ಡಿಸೆಂಬರ್, ಮಾರ್ಚ್‌ಗಳಲ್ಲಿ ಮರುಪ್ರಸಾರದ ಸರದಿ. ಅಮೆರಿಕದ ಹಳೆಯ ಧಾರಾವಾಹಿಗಳಲ್ಲಿ ಯಾರು ಸಾಯುತ್ತಾರೆ ಎಂದು ಊಹಿಸುವುದು ಕಷ್ಟ, ಯಾವಾಗ ಸಾಯುತ್ತಾರೆ ಎಂದು ಊಹಿಸುವುದು ಸುಲಭ. ಹೆಚ್ಚಾಗಿ ಮೇ ತಿಂಗಳಲ್ಲಿ.

ಪತ್ತೇದಾರಿ ಅಥವಾ ಆಸ್ಪತ್ರೆಯ ಕಥೆಗೆ ಇದರಿಂದ ನಷ್ಟವಿಲ್ಲ, ಪ್ರತಿ ಕಂತೂ ಅಲ್ಲಿಗಲ್ಲಿಗೆ ಮುಗಿಯುತ್ತದೆ. ಒಂದೇ ಗುಟ್ಟನ್ನು ಆರು ವರ್ಷ ಎಳೆಯುವ ವೈಜ್ಞಾನಿಕ ಕಥೆಯಲ್ಲಿ ಬಿಡುವೇ ಕಥೆಯ ಭಾಗವಾಗುತ್ತದೆ. 2005ರ ಮೇ 25ರಂದು ಮೊದಲ ಸೀಸನ್ನಿನ ಕೊನೆಯಲ್ಲಿ ಆ ಉಕ್ಕಿನ ಬಾಗಿಲನ್ನು ಸಿಡಿಸಿ ತೆರೆದರು. ಕ್ಯಾಮೆರಾ ಆಳವಾದ ಕತ್ತಲ ಬಾವಿಯೊಳಗೆ ಇಳಿಯಿತು, ಅಷ್ಟರಲ್ಲಿ ಕಂತು ಮುಗಿಯಿತು. ಒಳಗೇನಿದೆ ಎಂದು ತಿಳಿದದ್ದು ಸೆಪ್ಟೆಂಬರ್ 21ಕ್ಕೆ, ಸರಿಯಾಗಿ ಹದಿನೇಳು ವಾರಗಳ ಬಳಿಕ. ಒಳಗಿದ್ದದ್ದು ಒಬ್ಬ ಮನುಷ್ಯ. ವ್ಯಾಯಾಮ ಮಾಡಿಕೊಂಡು, ಹಳೆಯ ಹಾಡು ಕೇಳಿಕೊಂಡು, 108 ನಿಮಿಷಕ್ಕೊಮ್ಮೆ ಕಂಪ್ಯೂಟರಿಗೆ 4, 8, 15, 16, 23, 42 ಎಂಬ ಸಂಖ್ಯೆಗಳನ್ನು ಒತ್ತುತ್ತಿದ್ದವನು. ಆರಂಭದ ಆ ದೃಶ್ಯ ನನ್ನ ಪ್ರಕಾರ ಇಡೀ ಧಾರಾವಾಹಿಯ ಅತ್ಯುತ್ತಮ ಐದು ನಿಮಿಷ. ಆದರೂ ಹಲವರಿಗೆ ನಿರಾಸೆಯಾಯಿತು. ಹದಿನೇಳು ವಾರಗಳಲ್ಲಿ ಅವರು ಆ ಬಾವಿಯೊಳಗೆ ಅನ್ಯಗ್ರಹದ ನೌಕೆಯನ್ನೂ ನರಕದ ಬಾಗಿಲನ್ನೂ ಕಲ್ಪಿಸಿಕೊಂಡಾಗಿತ್ತು. ಮರುದಿನವೇ ತೋರಿಸಿದ್ದರೆ ಬೆರಗಾಗುತ್ತಿದ್ದ ಸಂಗತಿ, ತಡವಾಗಿ ಬಂದುದಕ್ಕೆ ಸಪ್ಪೆಯಾಯಿತು.

ಕಾಯುವವರ ಕೈಗೆ ಏನನ್ನಾದರೂ ಕೊಟ್ಟು ಕೂರಿಸಬೇಕೆಂದು 2006ರ ಬೇಸಿಗೆಯ ಬಿಡುವಿನಲ್ಲಿ ಎಬಿಸಿ, ಬ್ರಿಟನ್ ಮತ್ತು ಆಸ್ಟ್ರೇಲಿಯಾದ ವಾಹಿನಿಗಳ ಜೊತೆ ಸೇರಿ, ಅಂತರ್ಜಾಲದಲ್ಲಿ ಸುಳಿವು ಹುಡುಕುವ ಆಟವೊಂದನ್ನು ನಡೆಸಿತು. ಆ ಆರು ಸಂಖ್ಯೆಗಳು ಮನುಕುಲದ ಅಂತ್ಯವನ್ನು ಲೆಕ್ಕಹಾಕುವ ಸಮೀಕರಣವೊಂದರ ಅಂಶಗಳು ಎಂಬ ವಿವರಣೆ ಬಂದದ್ದು ಅದರಲ್ಲೇ. ಧಾರಾವಾಹಿ ಮಾತ್ರ ಆ ಸಮೀಕರಣದ ತಂಟೆಗೇ ಹೋಗಲಿಲ್ಲ. ಕೊನೆಯ ಸೀಸನ್ನಿನಲ್ಲಿ ಗುಹೆಯ ಗೋಡೆಯ ಮೇಲೆ ಅದೇ ಸಂಖ್ಯೆಗಳು ಆರು ಪಾತ್ರಗಳ ಹೆಸರಿನ ಜೊತೆ ಕಾಣಿಸಿಕೊಂಡವು. ಬೇಸಿಗೆಯಲ್ಲಿ ಆಟವಾಡಿದವರ ಬಳಿ ಒಂದು ಉತ್ತರ, ಟಿವಿ ಮಾತ್ರ ನೋಡಿದವರ ಬಳಿ ಇನ್ನೊಂದು. ಯಾವುದು ಅಧಿಕೃತ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅಂದಹಾಗೆ, 2011ರ ಜನವರಿಯಲ್ಲಿ ಅಮೆರಿಕದ ಮೆಗಾ ಮಿಲಿಯನ್ಸ್ ಲಾಟರಿಯಲ್ಲಿ ಆರರಲ್ಲಿ ನಾಲ್ಕು ಸಂಖ್ಯೆಗಳು, ಅಂದರೆ 4, 8, 15 ಮತ್ತು ಕೊನೆಯ ಚೆಂಡಾಗಿ 42, ನಿಜವಾಗಿಯೂ ಬಂದವು. ಧಾರಾವಾಹಿಯ ಸಂಖ್ಯೆಗಳನ್ನು ನಂಬಿ ಚೀಟಿ ಕೊಂಡಿದ್ದ ಸಾವಿರಾರು ಜನರಿಗೆ ತಲಾ 150 ಡಾಲರ್ ಸಿಕ್ಕಿತು. ಕಥೆಯೊಳಗೆ ಅದೇ ಸಂಖ್ಯೆಗಳಿಂದ ಲಾಟರಿ ಗೆದ್ದ ಹರ್ಲಿ ಎಂಬವನಿಗೆ ಶನಿ ಹೆಗಲೇರಿತ್ತು. ಇವರಿಗೆ ಹಾಗೇನೂ ಆದಂತಿಲ್ಲ.

ಕ್ಯಾಲೆಂಡರು ಮಾಡಿದ ಇನ್ನೊಂದು ಕಿತಾಪತಿ ವಾಲ್ಟ್ ಎಂಬ ಹುಡುಗನದು. ಕಥೆಯೊಳಗಿನ ಕಾಲ ಬಹಳ ನಿಧಾನ. ಮೊದಲ ಸೀಸನ್ನಿನ ಇಪ್ಪತ್ತೈದು ಕಂತುಗಳಲ್ಲಿ ದ್ವೀಪದ ಮೇಲೆ ಕಳೆದದ್ದು ಸುಮಾರು ಆರು ವಾರ. ಮೂರನೆಯ ಸೀಸನ್ ಮುಗಿದಾಗಲೂ ವಿಮಾನ ಬಿದ್ದು ಮೂರೇ ತಿಂಗಳು. ಹೊರಗಿನ ಜಗತ್ತಿನಲ್ಲಿ ಅಷ್ಟರೊಳಗೆ ಮೂರು ವರ್ಷ ಸಂದಿದ್ದವು. ಆ ಪಾತ್ರ ಮಾಡಿದ್ದ ಮಾಲ್ಕಮ್ ಡೇವಿಡ್ ಕೆಲ್ಲಿ ಬೆಳೆಯುವ ವಯಸ್ಸಿನ ಬಾಲಕ. ದೊಡ್ಡವರ ವಯಸ್ಸನ್ನು ಮೇಕಪ್ಪಿನಲ್ಲಿ ಮುಚ್ಚಬಹುದು, ಹುಡುಗನ ಎತ್ತರವನ್ನು ಮುಚ್ಚುವುದು ಹೇಗೆ? ಮೊದಲ ಸೀಸನ್ನಿನ ಕೊನೆಗೇ, ದ್ವೀಪದಲ್ಲಿ ಮೊದಲಿನಿಂದಲೂ ಇದ್ದ ಶತ್ರುಗಳು ವಾಲ್ಟನನ್ನು ಹೊತ್ತೊಯ್ದರು. ಆಮೇಲೆ ಅವನು ದರ್ಶನವಾಗಿ ಒಂದೆರಡು ಬಾರಿ ಕಾಣಿಸಿಕೊಂಡಾಗ, ಹುಡುಗ ಮೊದಲಿಗಿಂತ ಎತ್ತರವಾಗಿದ್ದಾನೆ ಎಂದು ಪಾತ್ರಗಳೇ ಮಾತಾಡಿಕೊಂಡವು. ವಾಲ್ಟನಿಗೆ ವಿಶೇಷ ಶಕ್ತಿಯಿದೆ ಎಂದು ಆರಂಭದಲ್ಲಿ ಅಷ್ಟು ಆಸೆ ಹುಟ್ಟಿಸಿ ಕೈಬಿಟ್ಟದ್ದನ್ನು ಅಭಿಮಾನಿಗಳು ಕಥೆಗಾರರ ಅಪರಾಧಗಳ ಪಟ್ಟಿಯಲ್ಲಿ ಮೇಲೆ ಇಡುತ್ತಾರೆ. ವಾರಕ್ಕೊಂದೇ ಕಂತಿನ ವೇಗದಲ್ಲಿ ಮೂರು ತಿಂಗಳ ಕಥೆ ಹೇಳಹೊರಟವರಿಗೆ ಇದು ತಪ್ಪುವಂಥದ್ದಾಗಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಎಲ್ಲವೂ ಮೊದಲೇ ಯೋಚಿಸಿಟ್ಟದ್ದೇ, ಬರೆಯುತ್ತ ಹೋದಂತೆ ಹೊಳೆದದ್ದೇ ಎಂಬ ಹಳೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ನಾಯಕ ಜ್ಯಾಕ್ ಮೊದಲ ಕಂತಿನಲ್ಲೇ ಸಾಯಬೇಕೆಂದು ಮೂಲ ಯೋಜನೆಯಿತ್ತು, ವಾಹಿನಿ ಒಪ್ಪಲಿಲ್ಲ. ಬೆನ್ ಪಾತ್ರಕ್ಕೆ ಮೈಕಲ್ ಎಮರ್ಸನ್‌ರನ್ನು ಕರೆತಂದದ್ದು ಮೂರು ಕಂತುಗಳಿಗೆ, ಅವರ ಅಭಿನಯ ನೋಡಿ ಆ ಪಾತ್ರವನ್ನೇ ಶತ್ರುಪಾಳೆಯದ ಮುಖ್ಯಸ್ಥನನ್ನಾಗಿ ಮಾಡಿದರು. ಮಿಸ್ಟರ್ ಎಕೋ ಪಾತ್ರಧಾರಿ ಬಿಟ್ಟುಹೋಗಲು ಬಯಸಿದ್ದರಿಂದ ಹೊಗೆ ಅವನನ್ನು ಅಕಾಲದಲ್ಲಿ ಕೊಂದಿತು. ಯೋಜನೆ ಇತ್ತು, ಅದು ವರ್ಷಕ್ಕೆ 24 ಕಂತುಗಳ ಗಾಣದಲ್ಲಿ ಸಿಕ್ಕು ತಿರುಗುತ್ತಿತ್ತು.

ಗಾಣ ಸಂಪೂರ್ಣ ಕೆಟ್ಟದ್ದು ಮೂರನೆಯ ಸೀಸನ್ನಿನಲ್ಲಿ. ನಡುನಡುವೆ ಬರುವ ಮರುಪ್ರಸಾರಗಳಿಗೆ ರೋಸಿಹೋಗಿದ್ದ ಜನ, ಕಂತುಗಳನ್ನು ಒಟ್ಟಿಗೆ ಕೊಡಿ ಎಂದು ದೂರುತ್ತಿದ್ದರು. ಎಬಿಸಿ ಒಂದು ಉಪಾಯ ಮಾಡಿತು. 2006ರ ಅಕ್ಟೋಬರ್ 4ರಿಂದ ನವೆಂಬರ್ 8ರವರೆಗೆ ಆರು ಕಂತು, ನಂತರ ಹದಿಮೂರು ವಾರ ಬಿಡುವು, ಫೆಬ್ರುವರಿ 7ರಿಂದ ಉಳಿದದ್ದೆಲ್ಲ ತಡೆಯಿಲ್ಲದೆ. ಕಾಗದದ ಮೇಲೆ ಒಳ್ಳೆಯ ಯೋಚನೆಯೇ. ಆದರೆ ಆ ಆರು ಕಂತುಗಳಲ್ಲಿ ಮುಖ್ಯ ಪಾತ್ರಗಳಾದ ಕೇಟ್ ಮತ್ತು ಸಾಯರ್ ಬಹುಪಾಲು ಕರಡಿಯ ಪಂಜರದಲ್ಲಿ ಬಂದಿಗಳು. ಇಡೀ ಸೀಸನ್ನಿನ ಹರಿವಿನಲ್ಲಿ ಕಾಲು ಭಾಗವೆಂದು ಕ್ಷಮಿಸಬಹುದಾಗಿದ್ದ ಪಂಜರದ ಕಥೆ, ಮೂರು ತಿಂಗಳ ಬಿಡುವಿಗೆ ಮುನ್ನ ಕೊಟ್ಟ ಏಕೈಕ ಊಟವಾಯಿತು. ಖಾಲಿಯಾದ ಸಮಯಕ್ಕೆ ತಂದಿದ್ದ ‘ಡೇ ಬ್ರೇಕ್’ ಎಂಬ ಕಾಲಚಕ್ರದ ಧಾರಾವಾಹಿ ಡಿಸೆಂಬರಿನೊಳಗೇ ರದ್ದಾಯಿತು. ಫೆಬ್ರುವರಿಯಲ್ಲಿ ‘ಲಾಸ್ಟ್’ ಮರಳಿದ್ದು ರಾತ್ರಿ ಒಂಬತ್ತರ ಬದಲು ಹತ್ತಕ್ಕೆ, ಒಂಬತ್ತಕ್ಕೆ ಎದುರಿನ ವಾಹಿನಿಯಲ್ಲಿ ‘ಅಮೆರಿಕನ್ ಐಡಲ್’ ಇತ್ತಲ್ಲ. ಎರಡನೆಯ ಸೀಸನ್ನಿನ ಮೊದಲ ರಾತ್ರಿ 2 ಕೋಟಿ 30 ಲಕ್ಷಕ್ಕೂ ಹೆಚ್ಚಿದ್ದ ನೋಡುಗರು ಈಗ 1 ಕೋಟಿ 30 ಲಕ್ಷದ ಆಸುಪಾಸಿಗೆ ಇಳಿದರು.

ಇದೇ ಹೊತ್ತಿಗೆ, 2007ರ ಫೆಬ್ರುವರಿ 21ರಂದು, ಜ್ಯಾಕ್‌ನ ತೋಳಿನ ಹಚ್ಚೆ ಹೇಗೆ ಬಂತು ಎಂಬುದನ್ನೇ ವಿವರಿಸುವ ಕಂತೊಂದು ಪ್ರಸಾರವಾಯಿತು. ಯಾರೂ ಕೇಳಿರದ ಪ್ರಶ್ನೆಗೆ ಉತ್ತರ! ಪ್ರತಿ ಕಂತಿನಲ್ಲೂ ಒಂದು ಪಾತ್ರದ ಹಿಂದಿನ ಜೀವನವನ್ನು ಫ್ಲ್ಯಾಶ್‌ಬ್ಯಾಕಿನಲ್ಲಿ ತೋರಿಸುವುದು ‘ಲಾಸ್ಟ್’ನ ಕ್ರಮ. ಧಾರಾವಾಹಿ ಎಷ್ಟು ವರ್ಷ ನಡೆಯುತ್ತದೆಂದು ಗೊತ್ತಿಲ್ಲದಿದ್ದರೆ ದ್ವೀಪದ ಕಥೆಯನ್ನು ಮುಂದೆ ಸಾಗಿಸುವಂತಿಲ್ಲ, ಸಾಗಿಸಿದರೆ ಮುಗಿದುಹೋಗುತ್ತದೆ. ಹಾಗಾಗಿ ಹಿಂದೆ ಹಿಂದೆ ಅಗೆಯುತ್ತ ಹೋಗಬೇಕು. ಅಗೆದು ಅಗೆದು ಕೊನೆಗೆ ಹಚ್ಚೆಗೆ ಬಂದು ಮುಟ್ಟಿದ್ದರು. ಲಿಂಡೆಲಾಫ್ ಮತ್ತು ಕ್ಯೂಸ್ ವಾಹಿನಿಯ ಮುಂದೆ ಇದನ್ನೇ ಸಾಕ್ಷಿಯಾಗಿ ಇಟ್ಟರು: ಅಂತ್ಯದ ದಿನಾಂಕ ಕೊಡದಿದ್ದರೆ ಮುಂದೆಯೂ ಇಂಥದ್ದೇ.

ಜನಪ್ರಿಯ ಧಾರಾವಾಹಿ ಯಾವಾಗ ಮುಗಿಯುತ್ತದೆಂದು ಮೂರು ವರ್ಷ ಮೊದಲೇ ಘೋಷಿಸುವುದು ಅಮೆರಿಕದ ದೊಡ್ಡ ವಾಹಿನಿಗಳಲ್ಲಿ ಅಪರೂಪದ ಮಾತು. 2007ರ ಮೇ ತಿಂಗಳಲ್ಲಿ ಎಬಿಸಿ ಅದನ್ನು ಮಾಡಿತು. ಇನ್ನು 48 ಕಂತು, 16ರಂತೆ ಮೂರು ಸೀಸನ್, 2010ಕ್ಕೆ ಮುಕ್ತಾಯ. ಪ್ರತಿ ಸೀಸನ್ನೂ ವರ್ಷದ ಆರಂಭದಲ್ಲಿ ಶುರುವಾಗಿ ಮರುಪ್ರಸಾರದ ಅಡ್ಡಿಯಿಲ್ಲದೆ ಮೇ ತಿಂಗಳಿಗೆ ಮುಗಿಯಬೇಕು. ಫಾಕ್ಸ್ ವಾಹಿನಿ ‘24’ ಧಾರಾವಾಹಿಗೆ ಈ ಕ್ರಮವನ್ನು 2005ರಲ್ಲೇ ತಂದಿತ್ತು.

ಅದೇ ತಿಂಗಳ 23ರಂದು ಬಂದ ಕಂತಿನಲ್ಲಿ, ಗಡ್ಡ ಬಿಟ್ಟು ಮಾತ್ರೆಗಳ ಚಟಕ್ಕೆ ಬಿದ್ದ ಜ್ಯಾಕ್‌ನನ್ನು ಲಾಸ್ ಏಂಜಲೀಸ್‌ನಲ್ಲಿ ತೋರಿಸಿದರು. ಎಂದಿನಂತೆ ಇದೂ ಹಿಂದಿನ ಜೀವನವೆಂದು ಎಲ್ಲರೂ ಭಾವಿಸಿದರು. ಕೊನೆಯ ದೃಶ್ಯದಲ್ಲಿ ಅವನನ್ನು ಭೇಟಿಯಾಗಲು ಕಾರಿನಿಂದಿಳಿದು ಬಂದವಳು ಕೇಟ್. ದ್ವೀಪಕ್ಕೆ ಬರುವ ಮೊದಲು ಇವರಿಬ್ಬರಿಗೆ ಪರಿಚಯವೇ ಇರಲಿಲ್ಲ. ಅಂದರೆ ಇದು ದ್ವೀಪದಿಂದ ಪಾರಾದ ನಂತರದ ಕಥೆ. ಪಾರಾದ ಜ್ಯಾಕ್ ಹಿಂತಿರುಗಿ ಹೋಗಲೇಬೇಕೆಂದು ಗೋಗರೆಯುತ್ತಿದ್ದಾನೆ. ಅವನು ಹೋಗಿದ್ದ ಶವಾಗಾರದ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿದರೆ ‘ಫ್ಲ್ಯಾಶ್ ಫಾರ್ವರ್ಡ್’ ಎಂದಾಗುತ್ತದೆಂದು ಅಭಿಮಾನಿಗಳು ಕಂಡುಹಿಡಿದರು.

ಮೂರು ವರ್ಷ ಹಿಂದಕ್ಕೇ ನೋಡುತ್ತಿದ್ದ ಕಥೆ ಮುಂದಕ್ಕೆ ತಿರುಗಲು ಸಾಧ್ಯವಾದದ್ದು, ಮುಂದೆ ಎಷ್ಟು ದಾರಿಯಿದೆ ಎಂದು ಗೊತ್ತಾದ ಮೇಲೆ. ಪಾತ್ರಗಳು ಪಾರಾಗುತ್ತವೆ ಎಂಬ ಬಂಡವಾಳವನ್ನು ಅಂತ್ಯ ತಿಳಿಯದ ಕಥೆಗಾರ ಹೀಗೆ ಖರ್ಚು ಮಾಡಲಾರ. ಕ್ಯಾಲೆಂಡರಿನ ಒಂದು ಒಪ್ಪಂದ ಕಥೆಯ ಕಾಲವನ್ನೇ ಬದಲಿಸಿತು. ನೋಡುಗರ ಪ್ರಶ್ನೆಯೂ ಬದಲಾಯಿತು. ಪಾರಾಗುತ್ತಾರೆಯೇ ಎಂಬುದು ಹೋಗಿ, ಯಾರು ಪಾರಾದರು, ಹೇಗೆ, ಆ ಶವಾಗಾರದ ಶವಪೆಟ್ಟಿಗೆಯಲ್ಲಿದ್ದವರು ಯಾರು ಎಂಬುದು ಬಂತು. ಅದನ್ನು ಮೆಲುಕು ಹಾಕಲು ಮುಂದಿನ ಜನವರಿ 31ರವರೆಗೆ ಎಂಟು ತಿಂಗಳು ಸಿಕ್ಕಿತು.

ಆದರೆ 2007ರ ನವೆಂಬರ್ 5ರಂದು ಚಿತ್ರಕಥೆಗಾರರು ಮುಷ್ಕರ ಹೂಡಿದರು. ನಾಲ್ಕನೆಯ ಸೀಸನ್ನಿನ ಎಂಟು ಕಂತು ಮಾತ್ರ ಸಿದ್ಧವಾಗಿದ್ದವು. ಫೆಬ್ರುವರಿಯಲ್ಲಿ ಮುಷ್ಕರ ಮುಗಿದ ಮೇಲೆ ಉಳಿದ ಕಥೆಯನ್ನು ಆರು ಕಂತುಗಳಿಗೆ ಬಿಗಿದು, ಸೀಸನ್ನನ್ನು 14ಕ್ಕೆ ನಿಲ್ಲಿಸಿದರು. ಹಡಗಿನಲ್ಲಿ ಬಂದ ಹೊಸ ಪಾತ್ರಗಳ ಹಿನ್ನೆಲೆ ಮುಂದಿನ ವರ್ಷಕ್ಕೆ ಹೋಯಿತು. ವಿಚಿತ್ರವೆಂದರೆ ಅನೇಕರಿಗೆ ಈ ಮೋಟು ಸೀಸನ್ನೇ ಹೆಚ್ಚು ಇಷ್ಟ. ಅದರಲ್ಲೊಂದು ಸೊಗಸಾದ ಮೋಸವಿದೆ: ಸನ್ ಎಂಬವಳು ಹೆರಿಗೆಗೆ ಆಸ್ಪತ್ರೆ ಸೇರುತ್ತಾಳೆ, ಅವಳ ಗಂಡ ಜಿನ್ ದೊಡ್ಡ ಪಾಂಡಾ ಬೊಂಬೆ ಹಿಡಿದು ಆಸ್ಪತ್ರೆಗೆ ಓಡುತ್ತಾನೆ. ಎರಡೂ ಮುಂದಿನ ಕಥೆಯೆಂದೇ ನಾವು ನೋಡುತ್ತೇವೆ. ಅವಳದು ಮುಂದಿನದು, ಅವನದು ಹಿಂದಿನದು. ಆ ಬೊಂಬೆ ಬೇರೆ ಯಾರದೋ ಮನೆಯ ಮಗುವಿಗೆ. ಕೊನೆಯಲ್ಲಿ ಸನ್ ಮಗುವನ್ನೆತ್ತಿಕೊಂಡು ಜಿನ್‌ನ ಹೆಸರಿರುವ ಸಮಾಧಿಯ ಮುಂದೆ ನಿಲ್ಲುತ್ತಾಳೆ. ಹೊಸ ವ್ಯಾಕರಣವನ್ನು ನೋಡುಗರಿಗೆ ಕಲಿಸಿ, ಕಲಿತದ್ದನ್ನೇ ಅವರ ಮೇಲೆ ತಿರುಗಿಸಿದ ಕಂತು ಅದು.

ಗುಟ್ಟುಗಳನ್ನು ಮೊದಲೇ ಹುಡುಕಿ ಓದುವ ಅಭಿಮಾನಿಗಳದ್ದು ಇನ್ನೊಂದು ಪಂಗಡ. ಆ 2007ರ ತಿರುವು ಕೂಡ ಪ್ರಸಾರಕ್ಕೆ ಮೊದಲೇ ಸೋರಿತ್ತು. ಹಾಗಾಗಿ ಮರುವರ್ಷ ಶವಪೆಟ್ಟಿಗೆಯ ದೃಶ್ಯಕ್ಕೆ ಒಳಗೆ ಬೇರೆ ಬೇರೆ ಪಾತ್ರಗಳನ್ನು ಮಲಗಿಸಿ ಮೂರು ಬಗೆಯಲ್ಲಿ ಚಿತ್ರೀಕರಿಸಿದರು. ಒಳಗಿದ್ದವನು ವಿಮಾನದಿಂದ ಬದುಕುಳಿದವರಲ್ಲೊಬ್ಬನಾದ ಲಾಕ್. ಗುಟ್ಟು ಗೊತ್ತಾದ ಮೇಲೆ ನೋಡುವುದೇಕೆ ಎನ್ನುವವರಿಗೆ, ಜೊನಾಥನ್ ಗ್ರೇ ಮತ್ತು ಜೇಸನ್ ಮಿಟ್ಟೆಲ್ ಎಂಬ ಮಾಧ್ಯಮ ಅಧ್ಯಾಪಕರು 2007ರಲ್ಲಿ ‘ಲಾಸ್ಟ್’ ಅಭಿಮಾನಿಗಳನ್ನೇ ಕೇಳಿ ಬರೆದ ಅಧ್ಯಯನ ಒಳ್ಳೆಯ ಉತ್ತರ. ಏನಾಗುತ್ತದೆ ಎಂಬ ಆತಂಕ ಕಳೆದರೆ ಹೇಗಾಗುತ್ತದೆ ಎಂಬುದನ್ನು ನಿಧಾನವಾಗಿ ಸವಿಯಬಹುದು ಎಂಬ ಧಾಟಿಯ ಮಾತುಗಳು ಅದರಲ್ಲಿವೆ. ನನಗೆ ಇದರಲ್ಲಿ ಸಣ್ಣ ಬಂಡಾಯವೂ ಕಾಣುತ್ತದೆ. ನಾನು ಎಷ್ಟು ವಾರ ಚಡಪಡಿಸಬೇಕೆಂದು ವಾಹಿನಿ ನಿರ್ಧರಿಸುವುದು ಬೇಡ ಎಂಬ ಬಂಡಾಯ.

2010ರ ಮೇ 23, ಭಾನುವಾರ, ಕೊನೆಯ ಕಂತು. ಎರಡು ಗಂಟೆಯದೆಂದು ನಿಗದಿಯಾಗಿದ್ದುದನ್ನು ಎರಡೂವರೆಗೆ ಹಿಗ್ಗಿಸಿದ್ದರು. ಅಮೆರಿಕದ ಪೂರ್ವ ತೀರದಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾದ ಪ್ರಸಾರ ಪಶ್ಚಿಮ ತೀರಕ್ಕೆ ಬರಲು ಇನ್ನೂ ಮೂರು ಗಂಟೆ. ನ್ಯೂಜೆರ್ಸಿಯ ಕನ್ನಡಿಗರು ನೋಡಿ ಮುಗಿಸಿದಾಗ ಸ್ಯಾನ್ ಹೋಸೆಯ ಕನ್ನಡಿಗರಿಗೆ ಆರಂಭಕ್ಕೇ ಅರ್ಧ ಗಂಟೆ ಬಾಕಿ, ಅಲ್ಲಿಯವರೆಗೆ ಫೋನೂ ಅಂತರ್ಜಾಲವೂ ವರ್ಜ್ಯ. ಬ್ರಿಟನ್ನಿನ ಸ್ಕೈ ವಾಹಿನಿ ಪಶ್ಚಿಮ ತೀರದ ಜೊತೆಜೊತೆಗೇ, ತನ್ನ ಬೆಳಗಿನ ಐದು ಗಂಟೆಗೆ ತೋರಿಸಿತು. ಬೆಂಗಳೂರಿನ ಗಡಿಯಾರದಲ್ಲಿ ಆಗ ಸೋಮವಾರ ಬೆಳಗಿನ ಒಂಬತ್ತೂವರೆ.

ಕೊನೆಯ ದೃಶ್ಯದಲ್ಲಿ ಜ್ಯಾಕ್ ಬಿದಿರಿನ ಹಿಂಡಿಲಿನಲ್ಲಿ ಕಣ್ಣು ಮುಚ್ಚುತ್ತಾನೆ. ಅದಾದ ಮೇಲೆ ಹೆಸರುಗಳು ಮೂಡುವಾಗ ತೆರೆಯ ಮೇಲೆ ನಿರ್ಜನ ಕಡಲತೀರದಲ್ಲಿ ಬಿದ್ದ ವಿಮಾನದ ಅವಶೇಷ ಕಾಣಿಸಿತು. ಮನುಷ್ಯರ ಸುಳಿವೇ ಇಲ್ಲ. ನೋಡಿದವರ ಎದೆ ಧಸಕ್ಕೆಂದಿತು: ಹಾಗಾದರೆ ವಿಮಾನ ಬಿದ್ದಾಗಲೇ ಎಲ್ಲರೂ ಸತ್ತಿದ್ದರೇ? ಆರು ವರ್ಷ ನೋಡಿದ್ದೆಲ್ಲ ಸತ್ತವರ ಕನಸೇ? ದ್ವೀಪವೆಂದರೆ ಪಾಪ ತೊಳೆದುಕೊಳ್ಳುವ ನಡುಲೋಕ ಎಂಬ ಊಹೆ ಮೊದಲ ಸೀಸನ್ನಿನಿಂದಲೂ ಇತ್ತು, ಕಥೆಗಾರರು ಅದನ್ನು ಮತ್ತೆ ಮತ್ತೆ ಅಲ್ಲಗಳೆದಿದ್ದರು. ಸಾವಿನ ನಂತರದ ತಾಣವೆಂದು ಬಯಲಾದದ್ದು ಆರನೆಯ ಸೀಸನ್ನಿನಲ್ಲಿ ಸಮಾನಾಂತರವಾಗಿ ತೋರಿಸಿದ ಇನ್ನೊಂದು ಜಗತ್ತು ಮಾತ್ರ. ದ್ವೀಪದಲ್ಲಿ ನಡೆದದ್ದೆಲ್ಲ ನಿಜ ಎಂದು ಚರ್ಚಿನ ದೃಶ್ಯದಲ್ಲಿ ಜ್ಯಾಕ್‌ಗೆ ಅವನ ತಂದೆಯೇ ಬಿಡಿಸಿ ಹೇಳುತ್ತಾನೆ.

ಕೆಲವೇ ದಿನಗಳಲ್ಲಿ ಎಬಿಸಿ ಸ್ಪಷ್ಟನೆ ಕೊಟ್ಟಿತು. ಆ ಅವಶೇಷದ ದೃಶ್ಯಗಳು ಕಥೆಯ ಭಾಗವಲ್ಲ, ಲಿಂಡೆಲಾಫ್ ಮತ್ತು ಕ್ಯೂಸ್ ಬರೆದವಲ್ಲ. ಭಾವುಕ ಅಂತ್ಯದಿಂದ ನೋಡುಗರು ಒಮ್ಮೆಲೇ ಸ್ಥಳೀಯ ವಾರ್ತೆಗೆ ಹೋಗಿ ಬೀಳಬಾರದೆಂದು, ಸ್ವಲ್ಪ ಸುಧಾರಿಸಿಕೊಳ್ಳಲೆಂದು ವಾಹಿನಿಯೇ ಸೇರಿಸಿದ್ದು. ‘ಅವರೆಲ್ಲ ಮೊದಲೇ ಸತ್ತಿದ್ದರಂತೆ’ ಎಂದು ಇಂದಿಗೂ ಹೇಳುವವರು ಸಿಗುತ್ತಾರೆ. ಅವರು ನಂಬಿಕೊಂಡಿರುವ ತಿರುವನ್ನು ಕಥೆಗಾರರು ಬರೆಯಲೇ ಇಲ್ಲ, ಹನ್ನೊಂದೂವರೆಯ ವಾರ್ತೆಗೆ ದಾರಿ ಮಾಡಿಕೊಡಲು ಹೋಗಿ ಅದು ಹುಟ್ಟಿಕೊಂಡಿತು.